ಆರ್ಗನ್ ನಿಲ್ಲಿಸಿದ ವರ್ಡೆಲ್ ಮ್ಯಾಪ್

ನಮ್ಮ ಚರ್ಚಿನ ನೂರಾ ಹನ್ನೊಂದು ವರ್ಷಗಳಲ್ಲಿ ಆರಾಧನೆಯ ನಡುವೆ ಆರ್ಗನ್ ನಿಂತದ್ದು ಎರಡೇ ಸಲ. ಮೊದಲನೆಯದು ಸುಂಟರಗಾಳಿ ಬಂದು ಅರ್ಧ ಛಾವಣಿಯನ್ನು ಹೊತ್ತುಕೊಂಡು ಹೋದ ದಿನ. ಎರಡನೆಯದು ವರ್ಡೆಲ್ ಮ್ಯಾಪ್ ಎದ್ದು ನಿಂತು ಕಿರುಚಿದ ದಿನ. ಸುಂಟರಗಾಳಿಯನ್ನು ನಮ್ಮ ಜನ ಬೇಗ ಕ್ಷಮಿಸಿದರು.

ವರ್ಡೆಲ್ ನನಗೆ ಎರಡನೇ ತರಗತಿಯಿಂದ ಗೊತ್ತು. ಅಗಲ ಭುಜ, ಗಡಸು ದನಿ, ಯಾರಿಗೂ ಅಂಜದ ಬಾಯಿ. ಮೇಕನ್ ಊರಿನ ಶಾಲೆಯೊಂದರ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ದುಡಿದಳು. ಅವಳು ಕರಿದ ಕೋಳಿಗೆ ಮಕ್ಕಳಿರಲಿ, ಮೇಷ್ಟರುಗಳೂ ಸಾಲಿನಲ್ಲಿ ಜಗಳವಾಡುತ್ತಿದ್ದರು. ಚರ್ಚಿನಲ್ಲಿ ಮದುವೆಯಾಗಲಿ, ಮಣ್ಣಾಗಲಿ, ಒಲೆಯ ಮುಂದೆ ಅವಳೇ. ಹೊಗೆಗೆ ಇಟ್ಟ ಹಂದಿಯ ಮೊಣಕಾಲು ಹಾಕಿ ಮೂರು ಗಂಟೆ ಬೇಯಿಸಿದ ಅವಳ ಕಾಲರ್ಡ್ ಸೊಪ್ಪಿನ ವಾಸನೆ ಕೆಳಗಿನ ಅಡುಗೆಮನೆಯಿಂದ ಮೇಲಕ್ಕೆ ಬಂದರೆ, ಪಾಸ್ಟರ್ ಟ್ರಾಮೆಲ್ ಅವರ ಪ್ರಸಂಗ ತಾನಾಗಿಯೇ ಹತ್ತು ನಿಮಿಷ ಚಿಕ್ಕದಾಗುತ್ತಿತ್ತು.

ಅವಳ ತಾಯಿ ಹೋದದ್ದು ಐವತ್ತೆಂಟಕ್ಕೆ. ಅಕ್ಕ ಐವತ್ತಾರಕ್ಕೆ. ತಂಗಿ ಐವತ್ತನಾಲ್ಕಕ್ಕೆ. ಎಲ್ಲರದೂ ಒಂದೇ ಕಥೆ: ಮೊದಲು ಬಿ.ಪಿ., ಆಮೇಲೆ ಶುಗರ್, ಆಮೇಲೆ ಒಂದು ಬೆಳಿಗ್ಗೆ ಬಾಯಿ ಸೊಟ್ಟಗಾಗಿ ಬೀಳುವುದು. ನಮ್ಮ ಕಪ್ಪು ಹೆಂಗಸರಿಗೆ ಇದು ಎಷ್ಟು ಅಭ್ಯಾಸವಾಗಿಬಿಟ್ಟಿದೆಯೆಂದರೆ, ಐವತ್ತಾರಕ್ಕೆ ಸತ್ತವಳನ್ನು ನೋಡಿ "ಪಾಪ, ಚೆನ್ನಾಗಿ ಬಾಳಿದಳು" ಅನ್ನುತ್ತೇವೆ. ನಾನೂ ಅಂದವಳೇ.

ವರ್ಡೆಲ್‌ಳ ತಂಗಿಯನ್ನು ಹೂಳಿ ಬಂದ ದಿನ ಚರ್ಚಿನ ಕೆಳಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಕರಿದ ಕೋಳಿ, ಹಂದಿಯ ತೊಡೆ, ಚೀಸ್ ಸುರಿದ ಮ್ಯಾಕರೋನಿ, ಸಕ್ಕರೆ ಹಾಕಿದ ತಣ್ಣನೆಯ ಚಹಾ. ಅಳುತ್ತಲೇ ಅವಳೇ ಅಡುಗೆ ಮಾಡಿದ್ದಳು. ಸೌಟು ಹಿಡಿದು ಬಡಿಸುತ್ತಿದ್ದವಳು ಇದ್ದಕ್ಕಿದ್ದಂತೆ ನಿಂತುಬಿಟ್ಟಳು.

"ನನ್ನ ತಂಗೀನ ಕೊಂದಿದ್ದೂ ಇದೇ ಊಟ, ಅವಳ ಹೆಸರಲ್ಲಿ ನಿಮಗೆ ಬಡಿಸ್ತಿರೋದೂ ಇದೇ ಊಟ" ಅಂದಳು. "ತಿನ್ನಿ, ಹೊಟ್ಟೆ ತುಂಬ ತಿನ್ನಿ. ಮುಂದಿನ ಸರದಿ ಯಾರದ್ದು ಅಂತ ಈಗ್ಲೇ ಹೇಳಿಬಿಟ್ರೆ ಕೋಳಿ ತರಿಸಿಟ್ಕೋತೀನಿ."

ನನ್ನ ಕೈಯಲ್ಲಿದ್ದ ಕೋಳಿಯ ಕಾಲು ಬಾಯಿಯ ಹತ್ತಿರವೇ ನಿಂತಿತು. ಸಾವಿನ ಮನೆಯಲ್ಲಿ ಹೀಗೆ ಮಾತಾಡಿದವರನ್ನು ನಾನು ಕಂಡಿರಲಿಲ್ಲ. ದುಃಖಕ್ಕೆ ತಲೆ ಕೆಟ್ಟಿದೆ, ನಾಲ್ಕು ದಿನಕ್ಕೆ ಸರಿಹೋಗುತ್ತಾಳೆ ಅಂದುಕೊಂಡೆವು. ಅವಳು ಸರಿಹೋಗಲಿಲ್ಲ. ಮಾಂಸ, ಮೊಟ್ಟೆ, ಬೆಣ್ಣೆ, ಚೀಸ್ ಎಲ್ಲವನ್ನೂ ಮನೆಯಿಂದ ಆಚೆಗೆ ಹಾಕಿದಳು. ವರ್ಷ ತುಂಬುವಷ್ಟರಲ್ಲಿ ಅವಳ ಬಿ.ಪಿ. ಮಾತ್ರೆಗಳನ್ನು ಡಾಕ್ಟರೇ ಮೂರರಿಂದ ಒಂದಕ್ಕೆ ಇಳಿಸಿದರು, ಮತ್ತು ಅವಳು ಇಡೀ ಚರ್ಚಿನ ಹೆಂಗಸರ ಬೆನ್ನು ಹತ್ತಿದಳು.

ಪ್ರತಿ ಬುಧವಾರ ಕೆಳಮನೆಯ ಒಲೆಯ ಮೇಲೆ ದೊಡ್ಡ ಪಾತ್ರೆ ಏರುತ್ತಿತ್ತು. ಮೊದಲ ವಾರ ಮೂವರು ಬಂದರು, ಅದರಲ್ಲಿ ನಾನು ಬಂದದ್ದು ನಗುವುದಕ್ಕೆ.

"ಹಂದಿ ಇಲ್ಲದ ಸೊಪ್ಪಾ?" ಅಂದೆ. "ಇದನ್ನ ತಗೊಂಡ್ಹೋಗಿ ಮೊಲಕ್ಕೆ ಹಾಕೇ."

"ಮೊಲದ ಕಾಲು ಊದಿದ್ದನ್ನ ಯಾವತ್ತಾದ್ರೂ ನೋಡಿದೀಯಾ, ಆರ್ನೆಟ್ಟಾ? ಒಂದ್ಸಲ ಬಗ್ಗಿ ನಿನ್ನ ಕಾಲು ನೋಡ್ಕೋ. ಬಗ್ಗಕ್ಕಾದ್ರೆ."

ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು. ಆದರೆ ಸೊಪ್ಪು ರುಚಿಯಾಗಿತ್ತು, ಸುಳ್ಳು ಹೇಳಬಾರದು. ಈರುಳ್ಳಿಯನ್ನು ಕಪ್ಪಗಾಗುವ ತನಕ ಸುಟ್ಟು, ಅಣಬೆ, ಹೊಗೆ ಹಿಡಿಸಿದ ಮೆಣಸಿನ ಪುಡಿ, ಸೇಬಿನ ವಿನೆಗರ್ ಹಾಕಿ, ಹಂದಿಯನ್ನು ನೆನಪಿಸುವ ಏನನ್ನೋ ಮಾಡಿದ್ದಳು. ಯಾರೂ ನೋಡದಾಗ ಎರಡನೇ ಸಲ ಬಡಿಸಿಕೊಂಡೆ. ಅವಳು ನೋಡಿದ್ದಳು.

"ನಮ್ಮಜ್ಜಿಯರು ತಿಂದಿದ್ದು ಇದನ್ನೇ ಕಣ್ರೇ" ಅನ್ನುತ್ತಿದ್ದಳು. "ಹಿತ್ತಲ ಸೊಪ್ಪು, ಅಲಸಂದೆ, ಗೆಣಸು, ಬೆಂಡೆಕಾಯಿ. ಹಂದಿ ಕ್ರಿಸ್ಮಸ್ಸಿಗೆ ಮಾತ್ರ. ನಾವು ದಿನಾ ಕ್ರಿಸ್ಮಸ್ ಮಾಡ್ಕೊಂಡು ಸಾಯ್ತಿದೀವಿ."

ಮೂವರು ಹನ್ನೊಂದಾದರು. ಇದು ಹಿಡಿಸದವರು ಡೀಕನ್ ರಕ್ಕರ್. ಎಪ್ಪತ್ತು ದಾಟಿದವರು, ಚರ್ಚಿನ ಆಡಳಿತ ನೋಡಿಕೊಳ್ಳುವ ಹಿರಿಯರು, ಚರ್ಚಿನ ಬೀಗದ ಕೈಗಳ ಗೊಂಚಲು ಅವರ ಸೊಂಟದಲ್ಲೇ ಇರುತ್ತಿತ್ತು. "ಇವತ್ತು ಕೋಳಿ ಬಿಡಿ ಅಂತಾಳೆ, ನಾಳೆ ಮಾತ್ರೆ ಬಿಸಾಕಿ ಅಂತಾಳೆ. ಒಂದು ಹೆಣ ಬಿದ್ದಾಗ ಗೊತ್ತಾಗುತ್ತೆ" ಎಂದು ಎಲ್ಲರೆದುರಿಗೇ ಅಂದರು. ವರ್ಡೆಲ್‌ಗೆ ಆ ಮಾತು ಚುಚ್ಚಿತು. ಮುಂದಿನ ಬುಧವಾರ ಹನ್ನೊಂದು ಹೆಂಗಸರ ಕೈಯನ್ನೂ ಬೈಬಲ್ಲಿನ ಮೇಲೆ ಇಡಿಸಿ ಮಾತು ತೆಗೆದುಕೊಂಡಳು: ಒಂದು ಮಾತ್ರೆಯನ್ನೂ, ಒಂದು ಸೂಜಿಯನ್ನೂ ತಪ್ಪಿಸುವುದಿಲ್ಲ. ಇಷ್ಟು ಜಾಗ್ರತೆಯವಳು ಎಂದು ನಾನೇ ಮೆಚ್ಚಿಕೊಂಡೆ.

ಆ ಹನ್ನೊಂದರಲ್ಲಿ ನನ್ನ ತಂಗಿ ಜರ್ಲೀನ್ ಒಬ್ಬಳು. ನನಗಿಂತ ಒಂಬತ್ತು ವರ್ಷ ಚಿಕ್ಕವಳು, ನಾನೇ ಎತ್ತಿ ಆಡಿಸಿದವಳು. ಶಾಲೆಯ ಬಸ್ಸು ಓಡಿಸುತ್ತಾಳೆ. ಮೂವತ್ತನೇ ವಯಸ್ಸಿನಿಂದ ಶುಗರ್, ಬೆಳಿಗ್ಗೆ ಸಂಜೆ ಇನ್ಸುಲಿನ್ ಸೂಜಿ. ಬಲಗಾಲಿನ ಎರಡು ಬೆರಳು ಆಗಲೇ ಹೋಗಿದ್ದವು. ಈಗ ಅದೇ ಕಾಲಿನ ಹಿಮ್ಮಡಿಯಲ್ಲಿ ಹುಣ್ಣು. ಶುಗರ್ ಇಳಿಯದಿದ್ದರೆ, ಹುಣ್ಣು ಒಣಗದಿದ್ದರೆ, ಮೊಣಕಾಲಿನ ಕೆಳಗೆ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಡಿಸೆಂಬರಿನಲ್ಲಿ ಹೇಳಿದ್ದರು. ಬಸ್ಸಿನ ಬ್ರೇಕು ಬಲಗಾಲಿನಲ್ಲಿ. ಕಾಲು ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಅದರ ಜೊತೆಗಿನ ವಿಮೆಯೂ ಹೋಗಿ ಅವಳಿಗೆ ಔಷಧಿಯೂ ಇಲ್ಲ.

"ವರ್ಡೆಲ್, ನನ್ನ ಕಾಲು ಉಳಿಸಿಕೊಡ್ತೀಯಾ?" ಎಂದು ಕೇಳಿದಳು ಜರ್ಲೀನ್. ಅವಳು ಯಾರನ್ನೂ ಏನನ್ನೂ ಕೇಳುವವಳಲ್ಲ.

"ಕಾಲು ದೇವರದ್ದು, ಪಾತ್ರೆ ನನ್ನದು" ಅಂದಳು ವರ್ಡೆಲ್. "ಜನವರಿಯ ಉಪವಾಸಕ್ಕೆ ಬಾ. ಇಪ್ಪತ್ತೊಂದು ದಿನ ನನ್ನ ಕೈಯಿಂದ್ಲೇ ತಿನ್ನು."

ಜನವರಿಯ ನಡುವಿನಲ್ಲಿ ನಮ್ಮ ಚರ್ಚಿನವರು ದಾನಿಯೇಲನ ಉಪವಾಸ ಹಿಡಿಯುತ್ತಾರೆ. ಇಪ್ಪತ್ತೊಂದು ದಿನ ತರಕಾರಿ, ಕಾಳು, ನೀರು, ಅಷ್ಟೇ. ಬೇರೆ ವರ್ಷ ನಾವು ದಿನ ಎಣಿಸುತ್ತಾ ಕೂತು, ಇಪ್ಪತ್ತೆರಡನೇ ದಿನ ಹಂದಿಯ ಪಕ್ಕೆಲುಬಿನ ಮೇಲೆ ಬೀಳುತ್ತಿದ್ದೆವು. ಈ ವರ್ಷ ವರ್ಡೆಲ್ ಪಾಸ್ಟರ್ ಹತ್ತಿರ ಹೋಗಿ ಉಪವಾಸದ ಅಡುಗೆಯನ್ನು ತಾನೇ ವಹಿಸಿಕೊಂಡಳು. ಜರ್ಲೀನ್ ಸಿಹಿ ಚಹಾ ಬಿಟ್ಟಳು, ಬಿಸ್ಕತ್ತು ಬಿಟ್ಟಳು, ಬಸ್ಸಿನ ಡಬ್ಬದಲ್ಲಿಟ್ಟುಕೊಳ್ಳುತ್ತಿದ್ದ ಮಿಠಾಯಿ ಬಿಟ್ಟಳು. ಮೂರನೇ ವಾರದಲ್ಲಿ ಬೆಳಿಗ್ಗೆ ಕೈ ನಡುಗುತ್ತದೆ ಅಂದಳು.

"ವಿಷ ಹೊರಗೆ ಹೋಗ್ತಿದೆ ಬಿಡೇ" ಅಂದವಳು ನಾನು. ಎಲ್ಲಿ ಕೇಳಿದ್ದೆನೋ ಗೊತ್ತಿಲ್ಲ. ವರ್ಡೆಲ್‌ಗೆ ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಉಪವಾಸದ ಇಪ್ಪತ್ತನೇ ದಿನ ಫೆಬ್ರುವರಿಯ ಮೊದಲ ಭಾನುವಾರವಾಗಿತ್ತು, ಕರ್ತನ ಭೋಜನದ ದಿನ. ಆ ದಿನ ರೊಟ್ಟಿ, ದ್ರಾಕ್ಷಿರಸ ಬಾಯಿಗೆ ಬೀಳುವ ತನಕ ಏನೂ ತಿನ್ನಬಾರದು ಎಂದು ನಮ್ಮಮ್ಮ ಹೇಳಿಕೊಟ್ಟಿದ್ದಳು. ಜರ್ಲೀನ್ ಬೆಳಿಗ್ಗೆ ಎದ್ದು, ಬೈಬಲ್ ಮುಟ್ಟಿ ಕೊಟ್ಟ ಮಾತಿನಂತೆ ಪೂರ್ತಿ ಸೂಜಿ ಚುಚ್ಚಿಕೊಂಡು, ಖಾಲಿ ಹೊಟ್ಟೆಯಲ್ಲಿ ಚರ್ಚಿಗೆ ಬಂದಳು.

ನಾನು ಚರ್ಚಿನ ನರ್ಸು. ಓದಿದ ನರ್ಸಲ್ಲ. ಬಿಳಿ ಉಡುಪು, ಬಿಳಿ ಟೋಪಿ, ಬಿಳಿ ಕೈಗವಸು ಹಾಕಿಕೊಂಡು ಗೋಡೆಯ ಪಕ್ಕ ನಿಲ್ಲುವವಳು. ಹಾಡು ಏರಿ ಯಾರ ಮೈಮೇಲಾದರೂ ಪವಿತ್ರಾತ್ಮ ಬಂದರೆ ಅವರ ಕನ್ನಡಕ ತೆಗೆದಿಟ್ಟು, ತಲೆ ಬೆಂಚಿಗೆ ಬಡಿಯದಂತೆ ಹಿಡಿದು, ಬಿದ್ದರೆ ಮಂಡಿಯ ಮೇಲೆ ಬಟ್ಟೆ ಹೊದಿಸಿ, ಬೀಸಣಿಗೆ ಬೀಸುವುದು ನನ್ನ ಕೆಲಸ. ಇಪ್ಪತ್ತೇಳು ವರ್ಷದಿಂದ ಮಾಡುತ್ತಿದ್ದೇನೆ, ಹೆಮ್ಮೆಯಿಂದಲೇ ಮಾಡುತ್ತಿದ್ದೇನೆ. ನನ್ನ ತಂಗಿಗೆ ಮಾತ್ರ ಒಂದು ಸಲವೂ ಆತ್ಮ ಬಂದಿರಲಿಲ್ಲ. ಕೈ ಕಟ್ಟಿಕೊಂಡು, ತುಟಿ ಬಿಗಿದು, ಕೊನೆಯ ತನಕ ಕೂತಿರುತ್ತಿದ್ದಳು. ಅದು ನನಗೆ ಒಳಗೊಳಗೇ ಕೊರಗು. ಅದಕ್ಕಾಗಿ ಪ್ರಾರ್ಥನೆಯನ್ನೂ ಮಾಡಿದ್ದೆ.

ಎರಡನೇ ಹಾಡು ತಾರಕಕ್ಕೆ ಹೋದಾಗ ಜರ್ಲೀನ್ ಎದ್ದು ನಿಂತಳು. ತೂಗಾಡಿದಳು. ಏನೋ ಕೂಗಿದಳು, ಮಾತು ಮಾತಾಗಿರಲಿಲ್ಲ. ಕೈ ಗಾಳಿಯಲ್ಲಿ ಎಸೆದಾಡಿ, ಬೆಂಚುಗಳ ನಡುವಿನ ದಾರಿಯಲ್ಲಿ ಕುಸಿದಳು. ನನ್ನ ಕಣ್ಣಲ್ಲಿ ನೀರು ಬಂತು, ಸಂತೋಷದ ನೀರು. ಓಡಿ ಹೋಗಿ ಮಂಡಿಗೆ ಬಟ್ಟೆ ಹೊದಿಸಿದೆ. ಅವಳ ಕಾಲು ಅದುರುತ್ತಿತ್ತು, ಮುಖದಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ನಾನು ಬೀಸಣಿಗೆ ಬೀಸಿದೆ. ಜನ ಚಪ್ಪಾಳೆ ತಟ್ಟಿದರು, ಆರ್ಗನ್ ಇನ್ನೂ ಜೋರಾಯಿತು. ಯಾರೋ ನೀರು ತರಲೇ ಎಂದು ಬಗ್ಗಿದರು.

"ಯಾರೂ ಮುಟ್ಬೇಡಿ!" ಅಂದೆ ನಾನು. "ಮೂವತ್ತು ವರ್ಷ ಕಾದಿದೀನಿ. ದೇವರು ಕೆಲಸ ಮಾಡ್ತಿದಾನೆ, ಮುಗಿಸ್ಲಿ ಬಿಡಿ."

ಏಳು ನಿಮಿಷ. ಆಮೇಲೆ ಲೆಕ್ಕ ಹಾಕಿದೆವು. ಏಳು ನಿಮಿಷ ನನ್ನ ತಂಗಿ ನೆಲದ ಮೇಲೆ ಸಾಯುತ್ತಿದ್ದಳು, ನಾನು ಅವಳಿಗೆ ಗಾಳಿ ಹಾಕುತ್ತಾ ದೇವರನ್ನು ಹೊಗಳುತ್ತಿದ್ದೆ.

ವರ್ಡೆಲ್ ಹಾಡುಗಾರರ ಹಿಂದಿನ ಸಾಲಿನಲ್ಲಿದ್ದಳು. ಅಲ್ಲಿಂದ ಏನೂ ಕಾಣುವುದಿಲ್ಲ. ಯಾರು ಬಿದ್ದವರು ಎಂದು ಕತ್ತು ಚಾಚಿ ನೋಡಿ ಮೆಟ್ಟಿಲಿಳಿದು ಬಂದಳು. ಜರ್ಲೀನಳ ಕೆನ್ನೆ ಮುಟ್ಟಿದಳು, ಕೈ ಮುಟ್ಟಿದಳು. ಎದ್ದು ನಿಂತು, ಶಾಲೆಯ ಅಡುಗೆಮನೆಯಲ್ಲಿ ನಾನ್ನೂರು ಮಕ್ಕಳ ಗದ್ದಲವನ್ನು ಅಡಗಿಸುತ್ತಿದ್ದ ಆ ದನಿಯಲ್ಲಿ ಕಿರುಚಿದಳು.

"ನಿಲ್ಸಿ! ಆರ್ಗನ್ ನಿಲ್ಸಿ! ಇದು ಆತ್ಮ ಅಲ್ಲ, ಇದು ಶುಗರ್ರು! ಮೈ ಮಂಜುಗಡ್ಡೆ ಆಗಿದೆ!"

ಆರ್ಗನ್ ನಿಂತಿತು. ವರ್ಡೆಲ್ ನೇರವಾಗಿ ಕರ್ತನ ಮೇಜಿಗೆ ಹೋದಳು, ಬಿಳಿ ವಸ್ತ್ರವನ್ನು ಕಿತ್ತೆಸೆದು ದ್ರಾಕ್ಷಿರಸದ ಪುಟ್ಟ ಲೋಟಗಳ ತಟ್ಟೆಯನ್ನು ಎತ್ತಿಕೊಂಡಳು. ಹೆಂಗಸರು ಹಾ ಎಂದರು. ಡೀಕನ್ ರಕ್ಕರ್ ಅವಳ ಮಣಿಕಟ್ಟು ಹಿಡಿದರು.

"ಸಿಸ್ಟರ್ ಮ್ಯಾಪ್! ಅದು ಕರ್ತನ ರಕ್ತ!"

"ಅವನ ಮಗಳಿಗೇ ಕೊಡ್ತಿರೋದು. ಕೈ ಬಿಡಿ."

ಅವರು ಬಿಟ್ಟರು. ವರ್ಡೆಲ್ ನೆಲದ ಮೇಲೆ ಕೂತು, ಜರ್ಲೀನಳನ್ನು ಪಕ್ಕಕ್ಕೆ ಹೊರಳಿಸಿ, ರಸದಲ್ಲಿ ಬೆರಳದ್ದಿ ಅವಳ ವಸಡಿಗೆ ಉಜ್ಜಿದಳು. ಮತ್ತೆ ಅದ್ದಿದಳು, ಮತ್ತೆ ಉಜ್ಜಿದಳು. ಎಷ್ಟೋ ಹೊತ್ತಿನ ಮೇಲೆ ಜರ್ಲೀನಳ ಗಂಟಲು ಒಂದು ಗುಟುಕು ನುಂಗಿತು. ನಾನು ಬೀಸಣಿಗೆ ಹಿಡಿದು ನಿಂತೇ ಇದ್ದೆ. ಆಂಬುಲೆನ್ಸಿನವರು ಬಂದು ಬೆರಳು ಚುಚ್ಚಿ ನೋಡಿದಾಗ, ಎಪ್ಪತ್ತಕ್ಕಿಂತ ಇಳಿಯಬಾರದ ಶುಗರ್ ಮೂವತ್ತೊಂದಕ್ಕೆ ಇಳಿದಿತ್ತು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹೊರಗೆ ಬಂದು ಕೇಳಿದಳು: "ಇವರ ಊಟ ಬದಲಾಯಿಸಿದ್ದು ಯಾರು?"

"ನಾನು" ಅಂದಳು ವರ್ಡೆಲ್. ಓಡಿಹೋಗುವ ಜಾತಿಯವಳಲ್ಲ ಅವಳು.

"ನಿಮ್ಮ ಊಟ ಚೆನ್ನಾಗೇ ಕೆಲಸ ಮಾಡಿದೆ. ಇವರಿಗೆ ಈಗ ಮೊದಲಿನ ಇನ್ಸುಲಿನ್ನಿನ ಅರ್ಧ ಸಾಕು. ಹಿಮ್ಮಡಿ ಹುಣ್ಣೂ ಅಂಚಲ್ಲಿ ಒಣಗೋಕೆ ಶುರುವಾಗಿದೆ. ಆದ್ರೆ ಇವರು ಪೂರ್ತಿ ಚುಚ್ಚಿಕೊಂಡಿದಾರೆ, ಅದೂ ಖಾಲಿ ಹೊಟ್ಟೇಲಿ. ಊಟ ಬದಲಾಯಿಸೋ ಮುಂಚೆ ನಮಗೊಂದು ಮಾತು ಹೇಳಬೇಕು ಅಂತ ಯಾರಿಗೂ ಅನ್ನಿಸಲಿಲ್ವಾ?"

ವರ್ಡೆಲ್ ನನ್ನ ಕಡೆ ತಿರುಗಿದಳು. "ನನಗೆ ಮಾತ್ರೆ ಇಳಿಸೋಕೆ ವರ್ಷ ಹಿಡೀತು" ಅಂದಳು. "ಇಪ್ಪತ್ತೇ ದಿನಕ್ಕೆ ಹಿಂಗಾಗುತ್ತೆ ಅಂತ... ಒಂದು ಸೂಜಿನೂ ತಪ್ಪಿಸ್ಬೇಡ ಅಂತ ನಾನೇ ಬೈಬಲ್ ಮುಟ್ಟಿಸ್ದೆ, ಆರ್ನೆಟ್ಟಾ. ನಾನೇ ಮುಟ್ಟಿಸ್ದೆ."

ಸಂಜೆ ಒಳಗೆ ಬಿಟ್ಟಾಗ ಜರ್ಲೀನ್ ಕಣ್ಣು ಬಿಟ್ಟಿದ್ದಳು.

"ಅಕ್ಕಾ, ನನಗೆ ಎಲ್ಲಾ ಕೇಳಿಸ್ತಿತ್ತು" ಅಂದಳು. "ಮುಟ್ಬೇಡಿ ಅಂದ್ಯಲ್ಲ, ಅದೂ ಕೇಳಿಸ್ತು. ಶುಗರ್ ಅನ್ನೋಕೆ ನೋಡ್ದೆ, ನಾಲಿಗೆ ಹೊರಳಲಿಲ್ಲ. ನೀನು ಬಗ್ಗಿ ಬೀಸ್ತಿದ್ದಾಗ ನಿನ್ನ ಜೇಬಿಂದ ಪೆಪ್ಪರ್‌ಮಿಂಟ್ ವಾಸನೆ ಬರ್ತಿತ್ತು. ಒಂದು ಕೊಡೇ ಅಂತ ಎಷ್ಟು ಬೇಡ್ಕೊಂಡೆ ಗೊತ್ತಾ."

ಜೇಬಿಗೆ ಕೈ ಹಾಕಿದೆ. ಹದಿನಾಲ್ಕು ಇದ್ದವು. ಪ್ರಸಂಗದಲ್ಲಿ ಕೆಮ್ಮುವವರಿಗೆ ಕೊಡಲು ಪ್ರತಿ ಭಾನುವಾರ ತುಂಬಿಕೊಳ್ಳುತ್ತೇನೆ.

ಮುಂದಿನ ಶನಿವಾರ ಬೆಳಿಗ್ಗೆ ಚರ್ಚಿನಲ್ಲಿ ಸಭೆ ಕರೆದರು. ಬುಧವಾರದ ಪಾತ್ರೆಯನ್ನು ಶಾಶ್ವತವಾಗಿ ಇಳಿಸಬೇಕು ಎಂದು ಡೀಕನ್ ರಕ್ಕರ್ ಮಂಡಿಸಿದರು. "ಹೆಣ ಬೀಳುತ್ತೆ ಅಂದಿದ್ದೆ. ಬೀಳೋದರಲ್ಲಿತ್ತು" ಅಂದರು. ಹನ್ನೊಂದು ಹೆಂಗಸರಲ್ಲಿ ಒಬ್ಬರೂ ಬಾಯಿ ತೆರೆಯಲಿಲ್ಲ. ವರ್ಡೆಲ್ ಎದ್ದು ಅಡುಗೆಮನೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು.

"ತಪ್ಪು ನನ್ನದು. ಡಾಕ್ಟರಿಗೆ ಹೇಳದೆ ಊಟ ಬದಲಾಯಿಸಬಾರದಿತ್ತು. ನನ್ನ ಅಹಂಕಾರ. ಆದ್ರೆ ಈ ಹನ್ನೊಂದು ಜನಾನ ಹಳೇ ಊಟಕ್ಕೆ ಕಳಿಸ್ಬೇಡಿ, ಕೈ ಮುಗೀತೀನಿ. ನಾನಿಲ್ಲದಿದ್ರೆ ಬೇರೆಯವರು ಬೇಯಿಸ್ಲಿ."

ಡೀಕನ್ ನನ್ನ ಕಡೆ ತಿರುಗಿದರು. "ಸಿಸ್ಟರ್ ಆರ್ನೆಟ್ಟಾ, ನೀವು ನರ್ಸು, ಪಕ್ಕದಲ್ಲೇ ಇದ್ರಿ. ಏನಾಯ್ತು ಹೇಳಿ."

"ಎಲ್ಲಾ ತುಂಬಾ ಬೇಗ ಆಗೋಯ್ತು" ಅಂದೆ.

ಅಷ್ಟು ದಿನವೂ ನನ್ನ ಹೆಸರನ್ನು ಯಾರೂ ಎತ್ತಿರಲಿಲ್ಲ. ಬೈಗುಳವೆಲ್ಲ ವರ್ಡೆಲ್ ಮೇಲೆ ಹೋಗುತ್ತಿರುವುದು ನನಗೆ ಒಳಗೆ ಹಾಯೆನಿಸಿತ್ತು. ನಾಚಿಕೆಯಾದರೂ ಹೇಳುತ್ತೇನೆ, ಹಾಗೇ ಇತ್ತು. ಮುಂದಿನ ಸಾಲಿನಲ್ಲಿ ಕೋಲು ಹಿಡಿದು ಕೂತಿದ್ದ ಜರ್ಲೀನ್ ನನ್ನನ್ನು ನೋಡಿದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಸುಳ್ಳು" ಅಂದೆ. "ಬೇಗ ಆಗ್ಲಿಲ್ಲ. ಏಳು ನಿಮಿಷ ಅವಳು ಬಿದ್ದಿದ್ಲು, ನಾನು ಯಾರನ್ನೂ ಮುಟ್ಟೋಕೆ ಬಿಡ್ಲಿಲ್ಲ. ಆತ್ಮ ಬಂದಿದೆ ಅಂತ ಬೀಸಣಿಗೆ ಹಾಕ್ತಿದ್ದೆ. ಅವಳ ಕೈ ನಡುಗುತ್ತೆ ಅನ್ನೋದೂ ನನಗೆ ಮೊದಲೇ ಗೊತ್ತಿತ್ತು. ವರ್ಡೆಲ್‌ಗೆ ಹೇಳಲಿಲ್ಲ. ಅವಳು ಬಂದು ಮುಟ್ಟದೆ ಇದ್ದಿದ್ರೆ ನನ್ನ ತಂಗಿ ನನ್ನ ಕಾಲ ಬುಡದಲ್ಲೇ ಹೋಗಿರ್ತಿದ್ಲು."

ಡೀಕನ್ ರಕ್ಕರ್ ನಿಂತಲ್ಲೇ ಮೇಜಿನ ಅಂಚನ್ನು ಹಿಡಿದುಕೊಂಡರು.

"ಅವಳ ಕೈ ತಣ್ಣಗಿತ್ತಾ?" ಎಂದು ಕೇಳಿದರು.

"ತಣ್ಣಗಿತ್ತು."

"ಬೆವರು?"

"ಧಾರೆ ಧಾರೆ."

ಡೀಕನ್ ಅವರ ಹೆಂಡತಿ ಬರ್ನಿಸ್ ಹದಿನೆಂಟು ವರ್ಷದ ಹಿಂದೆ ಈಸ್ಟರ್ ಭಾನುವಾರ ಇದೇ ಚರ್ಚಿನಲ್ಲಿ, ಹಾಡಿನ ನಡುವೆ, ಆತ್ಮ ಬಂದು ಬಿದ್ದವರು ಏಳಲಿಲ್ಲ. ಅವರಿಗೂ ಶುಗರ್ ಇತ್ತು. ಇಂಥ ಧನ್ಯ ಮರಣ ಯಾರಿಗೆ ಸಿಗುತ್ತದೆ ಎಂದು ನಾವೆಲ್ಲ ಹದಿನೆಂಟು ವರ್ಷ ಹೇಳಿಕೊಂಡು ಬಂದಿದ್ದೆವು. ಡೀಕನ್ ಅದೊಂದು ಮಾತನ್ನು ಹಿಡಿದುಕೊಂಡೇ ಬದುಕಿದ್ದರು.

"ನನ್ನ ಬರ್ನಿಸ್ ಕೈನೂ ತಣ್ಣಗಿತ್ತು" ಅಂದರು. ಆಮೇಲೆ ನನ್ನನ್ನು ನೋಡಿದರು. "ಆವತ್ತು ಬೀಸಣಿಗೆ ಹಿಡಿದಿದ್ದೂ ನೀನೇ ಅಲ್ವಾ, ಆರ್ನೆಟ್ಟಾ?"

"ಹೌದು" ಅಂದೆ.

ಡೀಕನ್ ಮೇಜಿನ ಮೇಲಿದ್ದ ಬೀಗದ ಕೈಯನ್ನು ಎತ್ತಿ ವರ್ಡೆಲ್ ಕಡೆಗೆ ಚಾಚಿದರು.

"ಸಿಸ್ಟರ್ ಮ್ಯಾಪ್, ಆ ದಿನ ನೀವೊಬ್ರು ಇಲ್ಲಿ ಇದ್ದಿದ್ರೆ..."

ವರ್ಡೆಲ್ ಬೀಗದ ಕೈ ತೆಗೆದುಕೊಳ್ಳಲಿಲ್ಲ.

"ಇದ್ದೆ, ಡೀಕನ್. ಮೂರನೇ ಸಾಲಲ್ಲೇ ಇದ್ದೆ. ನಾನೂ ಚಪ್ಪಾಳೆ ತಟ್ಟಿದ್ದೆ."

ಅವರ ಕೈ ಚಾಚಿಕೊಂಡೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳು ಬೀಗದ ಕೈ ತೆಗೆದುಕೊಂಡಳು.